ಮೊಣಕಾಲುದ್ದದ ನೀರು

ಕೆರೆ ಪುನಶ್ಚೇತನ ಈಗ ಒಂದು ವೃತ್ತಿ. ಅದಕ್ಕೆ ಸಂಬಳ ಉಂಟು, ಕಂಪನಿಗಳ ಸಿಎಸ್‌ಆರ್ ಹಣ ಉಂಟು, ಪ್ರಶಸ್ತಿ ಉಂಟು. ಪ್ರಶಸ್ತಿ ಬಂದವರನ್ನು ಪರಿಚಯಿಸುವ ಲೇಖನಗಳು ಎಣಿಸುವುದು ಮಾತ್ರ ಎರಡನ್ನೇ: ಎಷ್ಟು ಕೆರೆ, ಎಷ್ಟು ಲೋಡು ಹೂಳು. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ಈ ಹೆಸರಿನಲ್ಲಿ ನಡೆದ ಕೆಲಸದ ಬಹುಪಾಲು ಕೆರೆಯ ಜೌಗನ್ನು ಕಿತ್ತುಹಾಕಿ ನೀರನ್ನಷ್ಟೇ ಉಳಿಸಿದೆ. ಒತ್ತುವರಿ, ಕೊಳಚೆ, ಬೆಳ್ಳಂದೂರಿನ ನೊರೆ ಎಲ್ಲರಿಗೂ ಗೊತ್ತಿರುವ ಕತೆ. ನಾನು ಹಿಡಿದು ನೋಡಬೇಕೆಂದಿರುವುದು ಒಂದೇ ಕಸುಬನ್ನು, ಹೂಳೆತ್ತುವುದನ್ನು.

ಹೂಳಿನ ಬಗ್ಗೆ ನನ್ನ ತಿಳಿವಳಿಕೆ ತಿದ್ದಿದ್ದು ನಾನೀಗ ಇರುವ ಅಲ್ ಖೌದ್. ಮಸ್ಕತ್ತಿನ ಪಡುವಣಕ್ಕಿರುವ ಈ ಊರಿನ ಅಣೆಕಟ್ಟು ಮುಗಿದದ್ದು 1985ರಲ್ಲಿ. ಉದ್ದ ಐದು ಕಿಲೋಮೀಟರಿಗೂ ಹೆಚ್ಚು, ಎತ್ತರ 11 ಮೀಟರ್ ಅಷ್ಟೇ. ಊರಿಂದ ಬಂದ ನೆಂಟರು ನೋಡಿದ ಕೂಡಲೇ ‘ನೀರೇ ಇಲ್ವಲ್ಲ’ ಅನ್ನುತ್ತಾರೆ. ಇರಲೂಬಾರದು. ಸಮಾಯಿಲ್ ವಾದಿ ಎಂಬ ಒಣಹಳ್ಳದಲ್ಲಿ ನುಗ್ಗಿ ಬರುವ ನೆರೆಯನ್ನು ತಡೆದು, ಮಣ್ಣು ತಳಕ್ಕಿಳಿದ ಮೇಲೆ ತಿಳಿನೀರನ್ನು ಕೆಳಗಿನ ಗರಸು ನೆಲಕ್ಕೆ ಬಿಟ್ಟು ಇಂಗಿಸುವುದು ಅದರ ಕೆಲಸ. ಹಾಗೆ ಇಂಗಿದ ನೀರು ಕರಾವಳಿಯ ಬಾವಿಗಳೊಳಕ್ಕೆ ಕಡಲ ಉಪ್ಪು ನುಗ್ಗದಂತೆ ಒತ್ತಿ ಹಿಡಿಯುತ್ತದೆ. ಇಲ್ಲಿ ಹೂಳು ನಿಜಕ್ಕೂ ಹಗೆ. ಅಣೆಕಟ್ಟಿನ ಹೊಟ್ಟೆ ತುಂಬಿಸುತ್ತದೆ, ನೆಲದ ಬಾಯಿ ಮುಚ್ಚುತ್ತದೆ. ಪಕ್ಕದಲ್ಲೇ ಇರುವ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದ ಮಣ್ಣುವಿಜ್ಞಾನಿಗಳು ಆ ಹೂಳಿನ ಪದರ, ಬಿರುಕುಗಳನ್ನೇ ಅಧ್ಯಯನ ಮಾಡಿದ್ದಾರೆ. ಅಲ್ ಖೌದ್‌ನಲ್ಲಿ ಹೂಳೆತ್ತಿದರೆ ನನ್ನ ತಕರಾರಿಲ್ಲ.

ನಮ್ಮ ಕೆರೆ ಬೇರೆ ಜಾತಿಯದು. ಹಳೆಯ ಕೆರೆಯ ಆಕಾರವನ್ನೇ ನೋಡಿ. ತಗ್ಗಿನ ಕಡೆಗೆ ಒಂದೇ ಏರಿ. ತೂಬಿನ ಬಳಿ ಆಳ. ಅಲ್ಲಿಂದ ಹಿಂದಕ್ಕೆ ನೆಲ ಏರುತ್ತಾ ಏರುತ್ತಾ ಎಲ್ಲಿ ಕೆರೆ ಮುಗಿಯಿತು, ಎಲ್ಲಿ ಗೋಮಾಳ ಶುರುವಾಯಿತು ಎನ್ನುವುದೇ ತಿಳಿಯದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಕೆರೆಯಂಗಳ ತೆರೆಯುತ್ತಿತ್ತು. ಅಲ್ಲಿ ದನ ಮೇಯುತ್ತಿದ್ದವು, ಸರಿಯುವ ನೀರಿನ ಅಂಚನ್ನೇ ಹಿಂಬಾಲಿಸಿ ಹಕ್ಕಿ ಬರುತ್ತಿದ್ದವು. ಗದ್ದೆಗೊರವಕ್ಕೆ ಎರಡು ಬೆರಳು ನೀರು ಸಾಕು. ಮೆಟ್ಟುಗಾಲು ಹಕ್ಕಿಗೆ ಒಂದು ಗೇಣು, ತಲೆ ಅದ್ದಿ ಮೇಯುವ ಬಾತಿಗೆ ಒಂದು ಮೊಳ. ಆಳುದ್ದ ನೀರಿನಲ್ಲಿ ಸುಖಪಡುವುದು ಮುಳುಗು ಹಾಕುವ ನೀರುಕಾಗೆಯಂಥವು ಮಾತ್ರ. ರೈತರೂ ಹೂಳೆತ್ತುತ್ತಿದ್ದರು. ಗೋಡುಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಸಾಗಿಸುತ್ತಿದ್ದರು. ಆದರೆ ಅವರ ಗುದ್ದಲಿ ಮೇಲಿನ ಅಂಚನ್ನು ಕಡಿದು ನೆಟ್ಟಗೆ ನಿಲ್ಲಿಸಲಿಲ್ಲ.

ಜೆಸಿಬಿ ನಿಲ್ಲಿಸಿತು. ಕೆರೆಯನ್ನು ಈ ಕಡೆಯಿಂದ ಆ ಕಡೆಗೆ ಒಂದೇ ಆಳಕ್ಕೆ ಅಗೆದು, ತೆಗೆದ ಮಣ್ಣಿನಿಂದ ಸುತ್ತಲೂ ದಿಬ್ಬ ಹಾಕಿ, ದಿಬ್ಬದ ಮೇಲೆ ನಡಿಗೆಯ ದಾರಿ ಮಾಡುತ್ತಾರೆ. ಆಗ ಕೆರೆ ಬೋಗುಣಿಯಾಗುತ್ತದೆ. ಜೊಂಡಿಗೆ ಬೇರು ಬಿಡಲು ಮೆಟ್ಟಿಲಿಲ್ಲ, ಮೂರು ದಿಕ್ಕಿನಿಂದ ಹರಿದು ಬರುತ್ತಿದ್ದ ಮಳೆನೀರಿಗೆ ಬಾಗಿಲಿಲ್ಲ. ಬೋಗುಣಿ ತುಂಬಿದ ಚಿತ್ರ ಚೆನ್ನಾಗಿ ಬರುತ್ತದೆ, ಪ್ರಶಸ್ತಿಯ ಅರ್ಜಿಗೆ ಅದೇ ಸಾಕಾಗುತ್ತದೆ. ಮೊಣಕಾಲುದ್ದದ ನೀರು ಹೋದದ್ದು ಚಿತ್ರದಲ್ಲಿ ಕಾಣುವುದಿಲ್ಲ. ನಡುವೆ ಒಂದು ಗುಂಡನೆಯ ದ್ವೀಪ ಮಾಡಿ ‘ಹಕ್ಕಿಗಳಿಗಾಗಿ’ ಎನ್ನುವುದು ಈಗ ವಾಡಿಕೆ. ನಿಲ್ಲಲು ಜಾಗ ಕೊಟ್ಟು ಮೇಯುವ ಜಾಗ ಕಿತ್ತುಕೊಂಡಂತಾಯಿತು. ಒಳ್ಳೆಯ ಕೆಲಸವೂ ಇಲ್ಲದಿಲ್ಲ. ಜಕ್ಕೂರಿನಲ್ಲಿ ಸಂಸ್ಕರಿಸಿದ ಕೊಳಚೆನೀರು ಮೊದಲು ಜೊಂಡಿನ ಜೌಗಿನಲ್ಲಿ ಹಾಯ್ದು ಆಮೇಲೆ ಕೆರೆಗಿಳಿಯುತ್ತದೆ. ಅಲ್ಲಿ ಜೌಗಿಗೆ ಕೆಲಸ ಕೊಟ್ಟಿದ್ದಾರೆ, ಹಾಗಾಗಿ ಅದಕ್ಕೆ ಜಾಗವೂ ಉಳಿದಿದೆ.

ಇಷ್ಟು ಹೇಳಿದರೆ ಎರಡು ಕಡೆಯಿಂದ ಉತ್ತರ ಬರುತ್ತದೆ. ಮೊದಲನೆಯವರು ಹೇಳುವುದು: ಕೆರೆ ಮನುಷ್ಯ ಕಟ್ಟಿದ್ದು, ಅದಕ್ಕೆ ನಮಗೆ ಬೇಕಾದ ಆಕಾರ ಕೊಟ್ಟರೆ ತಪ್ಪೇನು? ಎರಡನೆಯವರು ಶುದ್ಧವಾದಿಗಳು. ಕಟ್ಟಿದ ಕೆರೆ ಜೌಗುಪ್ರದೇಶವೇ ಅಲ್ಲ, ಅದರ ಚಿಂತೆಯೇ ಬೇಡ ಎನ್ನುತ್ತಾರೆ. ಇಬ್ಬರೂ ಬಂದು ಸೇರುವುದು ಒಂದೇ ಕಡೆ, ಮತ್ತು ದುರದೃಷ್ಟಕ್ಕೆ ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳೂ ಅಲ್ಲೇ ಇವೆ. ಕುಡಿಯುವ ನೀರಿಗೆ, ನೀರಾವರಿಗೆ ಎಂದು ಕಟ್ಟಿದ ಜಲಾಶಯಗಳನ್ನು ಆ ನಿಯಮಗಳು ಜೌಗುಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಹಾಗಾದರೆ ಕರ್ನಾಟಕದಲ್ಲಿ ಉಳಿಯುವುದೆಷ್ಟು? ಅಂಕಸಮುದ್ರ ನೀರಾವರಿಗೆ ಕಟ್ಟಿದ ಕೆರೆ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಹಾಗೆಯೇ. 2024ರಲ್ಲಿ ಅಘನಾಶಿನಿ ಅಳಿವೆಯ ಜೊತೆಗೆ ಎರಡೂ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ರಾಮ್ಸಾರ್ ಒಪ್ಪಂದ ಕಟ್ಟಿದ್ದು, ತಾನಾಗಿ ಆದದ್ದು ಎಂಬ ಭೇದ ಮಾಡುವುದಿಲ್ಲ. ಇನ್ನು ಎಲ್ಲರೂ ತಲೆಬಾಗುವ ರಂಗನತಿಟ್ಟು? ಅಲ್ಲಿನ ನಡುಗಡ್ಡೆಗಳು ಉಂಟಾದದ್ದೇ ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಸರು ಕಾವೇರಿಗೆ ಕಟ್ಟಿಸಿದ ಕಟ್ಟೆಯಿಂದ. ಕಟ್ಟಿದವರು ಯಾರು ಎಂಬ ಪ್ರಶ್ನೆಯಿಂದ ನೀರಿನ ಅಂಚು ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ರಂಗನತಿಟ್ಟಿನ ವಿಷಯ ಬಂತು. ಪಕ್ಷಿತಜ್ಞ ಸಲೀಂ ಅಲಿ ಅಲ್ಲಿ ಅಗೆಸಲಿಲ್ಲ, ಏನನ್ನೂ ನೆಡಿಸಲಿಲ್ಲ. ಹಕ್ಕಿಗಳು ಗೂಡು ಕಟ್ಟಿದ್ದನ್ನು ನೋಡಿ, ಇದನ್ನು ಕಾಪಾಡಿ ಎಂದು ಮೈಸೂರಿನ ಅರಸರಿಗೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಕೆರೆ ಪುನಶ್ಚೇತನದ ವೃತ್ತಿಗೆ ಬರುವ ಹುಡುಗರ ಬಯೋಡೇಟಾದಲ್ಲಿ ‘ಮುಟ್ಟದೆ ಬಿಟ್ಟದ್ದು’ ಎಂಬ ಸಾಲಿಗೆ ಜಾಗವಿಲ್ಲ. ತೂಬು ಎತ್ತಿ ಇಳಿಸಿ ಇಡೀ ಕೆರೆಯ ವರ್ಷವನ್ನು ಬಲ್ಲವನಾಗಿದ್ದ ನೀರುಗಂಟಿಗೆ ಬಯೋಡೇಟಾವೇ ಇರಲಿಲ್ಲ. ಅವನ ಕೆಲಸವನ್ನು ಈಗ ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆರೆ ಹಸ್ತಾಂತರವಾದ ದಿನಕ್ಕೆ ಪುನಶ್ಚೇತನ ಮುಗಿಯಿತು ಎನ್ನುತ್ತಾರೆ.

ಚಳಿಗಾಲದಲ್ಲಿ ನಾನು ಅಲ್ ಅನ್ಸಾಬ್‌ನ ಕೊಳಗಳಿಗೆ ಹೋಗುತ್ತೇನೆ. ಮಸ್ಕತ್ತಿನ ಬಚ್ಚಲಿಂದ ಬಂದು ಸಂಸ್ಕರಣವಾದ ನೀರು ಅದು, ಸುತ್ತ ಮರಳುಗಾಡಿನ ಬಿಸಿಲು. ಜೊಂಡು ಮುಗಿಯುವ ಕಡೆ, ನೆಲ ನೀರಿಗಿಳಿಯುವ ಜಾಗದಲ್ಲಿ ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲು ಅರ್ಧ ಮುಳುಗಿಸಿ ನಡೆಯುತ್ತಾ ಕೆಸರು ಕುಕ್ಕುತ್ತಿರುತ್ತವೆ. ಬೋಗುಣಿ ಮಾಡಿದ ನಮ್ಮ ಕೆರೆಗಳ ದಿಬ್ಬದ ಮೇಲೆ ನಡೆಯುವಾಗ ಅವನ್ನು ನಾನು ಹುಡುಕುತ್ತೇನೆ.