‘ಸಾರಿ’: ನೋವಿನಿಂದ ನೆಪದವರೆಗೆ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದು, ಶಾಲೆಯ ಮೆಟ್ಟಿಲು ಹತ್ತದವರ ನಾಲಿಗೆಯ ಮೇಲೂ ನೆಲೆನಿಂತಿರುವ ಪದಗಳಲ್ಲಿ ‘ಸಾರಿ’ ಒಂದು. ಬಸ್ಸಿನಲ್ಲಿ ಕಾಲು ತುಳಿದವರು ಸಾರಿ ಎನ್ನುತ್ತಾರೆ. ತರಗತಿಗೆ ತಡವಾಗಿ ಬಂದ ವಿದ್ಯಾರ್ಥಿ ಸಾರಿ ಎನ್ನುತ್ತಾನೆ. ಕೊಟ್ಟ ಮಾತಿಗೆ ತಪ್ಪಿದವರೂ, ಬೇರೆ ಯಾರದೋ ನಂಬರಿಗೆ ಫೋನ್ ಮಾಡಿದವರೂ ಅದೇ ಎರಡಕ್ಷರವನ್ನು ಹೇಳಿ ಮುಂದೆ ಸಾಗುತ್ತಾರೆ. ಕನ್ನಡದಲ್ಲಿ ‘ಸಾರಿ’ ಮೊದಲೇ ಇತ್ತು. ‘ಒಂದು ಸಾರಿ’ ಎಂದರೆ ಒಂದು ಬಾರಿ. ‘ಸಾರಿ ಹೇಳು’ ಎಂದರೆ ಎಲ್ಲರಿಗೂ ಕೇಳುವಂತೆ ಹೇಳು. ಹೊಸದಾಗಿ ಬಂದ ‘ಸಾರಿ’ಯನ್ನಾದರೋ ನಾವು ನೂರು ಸಾರಿ ಹೇಳುತ್ತೇವೆಯೇ ಹೊರತು ಸಾರಿ ಹೇಳುವುದಿಲ್ಲ, ಅದು ತುಟಿಯಂಚಿನಲ್ಲಿಯೇ ಮುಗಿದುಹೋಗುತ್ತದೆ.

ಇಷ್ಟು ಸಣ್ಣ ಪದದ ಬಗ್ಗೆ ಇಷ್ಟೊಂದು ಚಿಂತನೆ ಏಕೆ ಎಂದು ತಾವು ಕೇಳಬಹುದು. ಈ ಒಂದು ಪದಕ್ಕಾಗಿ ಎರಡು ದೊಡ್ಡ ರಾಷ್ಟ್ರಗಳು ಹನ್ನೊಂದು ದಿನ ಹಗ್ಗಜಗ್ಗಾಟ ನಡೆಸಿದ್ದುಂಟು. ಇದೇ ಪದಕ್ಕಾಗಿ ಒಂದು ಜನಾಂಗ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಾದದ್ದುಂಟು. ಪದ ಸಣ್ಣದಾದರೂ ಅದು ಹೊತ್ತಿರುವ ಭಾರ ಸಣ್ಣದಲ್ಲ.

ಇಂಗ್ಲಿಷಿನಲ್ಲಿ ಈ ಪದದ ವ್ಯಾಪ್ತಿ ನಮ್ಮ ಬಳಕೆಗಿಂತ ಬಹಳ ವಿಶಾಲವಾದುದು. ತಪ್ಪು ಮಾಡಿದಾಗ ಹೇಳುವ ಸಾರಿ ಒಂದು. ಸಾವಿನ ಮನೆಯಲ್ಲಿ ಸಂತಾಪ ಸೂಚಿಸುವ ಸಾರಿ ಮತ್ತೊಂದು. ಎದುರಿಗಿದ್ದವರ ಮಾತು ಕೇಳಿಸದಿದ್ದಾಗ, ‘ಏನಂದಿರಿ?’ ಎಂಬುದಕ್ಕೆ ಬದಲಾಗಿ ಸ್ವರವೇರಿಸಿ ಹೇಳುವ ಸಾರಿ ಇನ್ನೊಂದು. ಮಾತಿನ ನಡುವೆ ತಪ್ಪಿದ ಅಂಕಿಯನ್ನು ತಿದ್ದಿಕೊಳ್ಳುವಾಗಲೂ, ಕೇಳಿದ್ದನ್ನು ನಯವಾಗಿ ನಿರಾಕರಿಸುವಾಗಲೂ ಅದೇ ಪದ. ನಾಮಪದದ ಹಿಂದೆ ನಿಂತರಂತೂ ಅದರ ಅರ್ಥವೇ ಬೇರೆ: ‘ಸಾರಿ ಸ್ಟೇಟ್’ ಎಂದರೆ ಕ್ಷಮೆ ಕೇಳುವ ಸ್ಥಿತಿಯಲ್ಲ, ಮರುಕ ಹುಟ್ಟಿಸುವ ದುಸ್ಥಿತಿ. ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ 2004ರಲ್ಲಿ ಪ್ರಕಟವಾದ ತಮ್ಮ ಗ್ರಂಥವೊಂದರಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಅವರು ಬೇಕೆಂದೇ ದಾರಿಹೋಕರಿಗೆ ಡಿಕ್ಕಿ ಹೊಡೆದರು; ತಪ್ಪು ಅವರದೇ ಆಗಿದ್ದರೂ, ಡಿಕ್ಕಿ ಹೊಡೆಸಿಕೊಂಡ ಇಂಗ್ಲಿಷರಲ್ಲಿ ಬಹುಪಾಲು ಜನ ತಾವೇ ಸಾರಿ ಎಂದರು. ಅಲ್ಲಿ ಆ ಪದ ತಪ್ಪೊಪ್ಪಿಗೆಯಲ್ಲ. ಇಬ್ಬರು ಅಪರಿಚಿತರ ನಡುವೆ ಕಹಿ ಹುಟ್ಟದಂತೆ ಸುರಿಯುವ ಒಂದು ತೊಟ್ಟು ಎಣ್ಣೆ ಮಾತ್ರ.

ಈ ಎಲ್ಲ ಕವಲುಗಳಿಗೂ ಬೇರು ಯಾವುದು? ‘ಸಾರಿ’ಯು ‘ಸಾರೋ’, ಅಂದರೆ ದುಃಖ ಎಂಬ ಇಂಗ್ಲಿಷ್ ಪದದ ಸಂತಾನವೆಂದು ತೋರುವುದು ಸಹಜ. ಆದರೆ ಭಾಷಾಶಾಸ್ತ್ರದ ಪ್ರಕಾರ ಇವೆರಡೂ ಬೇರೆ ಬೇರೆ ಮೂಲದವು. ‘ಸಾರಿ’ಯು ಹುಟ್ಟಿದ್ದು ಹುಣ್ಣು, ಗಾಯ, ನೋವು ಎಂಬ ಅರ್ಥವುಳ್ಳ ‘ಸೋರ್’ ಎಂಬ ಪದದ ಹಳೆಯ ರೂಪದಿಂದ. ಎಂದರೆ, ಮೊದಲು ಸಾರಿ ಎಂದವನು ‘ನನಗೆ ನೋಯುತ್ತಿದೆ’ ಎಂದಿದ್ದನೇ ಹೊರತು ‘ನಾನು ತಪ್ಪಿತಸ್ಥ’ ಎಂದಿರಲಿಲ್ಲ. ನಮ್ಮ ‘ಪಶ್ಚಾತ್ತಾಪ’ವೂ ಇದಕ್ಕೆ ದೂರದ್ದಲ್ಲ. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಬೇಗೆ. ಮಾಡಿದ ಮೇಲೆ ಒಳಗೆ ಏಳುವ ಉರಿಯೇ ಪಶ್ಚಾತ್ತಾಪ. ಎರಡು ಭಾಷೆಗಳೂ ಪರಸ್ಪರ ಕೇಳದೆಯೇ, ತಪ್ಪಿನ ಅರಿವನ್ನು ದೇಹದ ನೋವಿನಿಂದಲೇ ಗುರುತಿಸಿವೆ.

ಹೀಗೆ ನೋವು ಮತ್ತು ತಪ್ಪು ಎಂಬ ಎರಡು ಅರ್ಥಗಳು ಒಂದೇ ಪದದಲ್ಲಿ ಮನೆ ಮಾಡಿದ ಮೇಲೆ, ಒಂದನ್ನು ಕೇಳಿದವರಿಗೆ ಇನ್ನೊಂದನ್ನು ಕೊಟ್ಟು ಕಳುಹಿಸುವ ಸೌಲಭ್ಯವೂ ಹುಟ್ಟಿತು. ಈ ಪದದ ವಿಮರ್ಶೆ ಆರಂಭವಾಗಬೇಕಾದದ್ದು ಇಲ್ಲಿಂದ. ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ, 1962ರಲ್ಲಿ ಪುಸ್ತಕವಾಗಿ ಬಂದ ಉಪನ್ಯಾಸಗಳಲ್ಲಿ ಈ ಸೂಕ್ಷ್ಮವನ್ನು ಗುರುತಿಸಿದ್ದರು. ‘ನಾನು ಕ್ಷಮೆ ಯಾಚಿಸುತ್ತೇನೆ’ ಎಂಬುದು ವರದಿಯಲ್ಲ. ಹೇಳಿದೊಡನೆ ನೆರವೇರುವ ಒಂದು ಕ್ರಿಯೆ. ‘ಐ ಆಮ್ ಸಾರಿ’ ಎಂಬುದಾದರೋ ಅರ್ಧ ಕ್ರಿಯೆ, ಅರ್ಧ ವರದಿ: ಹೇಳುವವನ ಮನಸ್ಸಿನ ಸ್ಥಿತಿಯನ್ನು ತಿಳಿಸುವ ವಾಕ್ಯ. ಕೇಳಿಸಿಕೊಂಡವನು ಅದನ್ನು ಕ್ಷಮಾಯಾಚನೆ ಎಂದುಕೊಳ್ಳಬಹುದು; ಹೇಳಿದವನು ‘ನಾನು ಬೇಸರವನ್ನಷ್ಟೇ ತಿಳಿಸಿದೆ’ ಎನ್ನಬಹುದು. ಇಬ್ಬರ ಮಾತಿಗೂ ವ್ಯಾಕರಣದ ಆಧಾರವಿದೆ.

ಇದು ಕೇವಲ ಪಂಡಿತರ ತರ್ಕವಲ್ಲ. 2001ರ ಏಪ್ರಿಲ್ 1ರಂದು ಅಮೆರಿಕದ ಬೇಹುಗಾರಿಕಾ ವಿಮಾನವೂ ಚೀನಾದ ಯುದ್ಧವಿಮಾನವೂ ದಕ್ಷಿಣ ಚೀನಾ ಸಮುದ್ರದ ಮೇಲೆ ಡಿಕ್ಕಿಯಾದವು. ಚೀನಾದ ಪೈಲಟ್ ವಾಂಗ್ ವೇ ಸಾವಿಗೀಡಾದರು. ಜಖಂಗೊಂಡ ಅಮೆರಿಕನ್ ವಿಮಾನವು ಅನುಮತಿಯಿಲ್ಲದೆ ಹೈನಾನ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 24 ಮಂದಿ ಬಂಧಿತರಾದರು. ಚೀನಾ ಕ್ಷಮಾಯಾಚನೆಯನ್ನು ಕೇಳಿತು. ಅಮೆರಿಕ ತನ್ನ ತಪ್ಪಿಲ್ಲವೆಂದಿತು. ಕೊನೆಗೆ ಏಪ್ರಿಲ್ 11ರಂದು ಅಮೆರಿಕದ ರಾಯಭಾರಿ ಕೊಟ್ಟ ಪತ್ರದಲ್ಲಿ ‘ವೆರಿ ಸಾರಿ’ ಎಂಬ ಮಾತು ಎರಡು ಕಡೆ ಇತ್ತು: ಒಂದು ಪೈಲಟನ ಸಾವಿನ ಬಗ್ಗೆ, ಇನ್ನೊಂದು ಅನುಮತಿಯಿಲ್ಲದೆ ಇಳಿದುದರ ಬಗ್ಗೆ. ಚೀನಾ ತನ್ನ ಜನರಿಗೆ ಅದನ್ನು ಕ್ಷಮಾಯಾಚನೆಯೆಂದು ತಿಳಿಸಿತು. ಅಮೆರಿಕ ತನ್ನ ಜನರಿಗೆ ಅದು ಸಂತಾಪ ಮಾತ್ರವೆಂದು ತಿಳಿಸಿತು. ಬಂಧಿತರು ಮನೆಗೆ ಮರಳಿದರು. ಪದದ ಅಸ್ಪಷ್ಟತೆ 24 ಜನರಿಗೆ ಬಿಡುಗಡೆಯನ್ನು ತಂದಿತೆಂಬುದು ನಿಜ. ಆದರೆ ಸತ್ತವನ ವಿಷಯದಲ್ಲಿ ಸತ್ಯವೇನೆಂಬುದು ಅದೇ ಅಸ್ಪಷ್ಟತೆಯಲ್ಲಿ ಹೂತುಹೋಯಿತು ಎಂಬುದೂ ಅಷ್ಟೇ ನಿಜ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಆಸ್ಟ್ರೇಲಿಯಾದ್ದು. ಇಪ್ಪತ್ತನೆಯ ಶತಮಾನದಲ್ಲಿ, ಸುಮಾರು 1970ರವರೆಗೂ, ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತು ಸರ್ಕಾರದ ಹಾಗೂ ಕ್ರೈಸ್ತ ಮಿಷನ್‌ಗಳ ಆಶ್ರಯಗಳಿಗೆ ಸೇರಿಸಲಾಗುತ್ತಿತ್ತು. 1997ರಲ್ಲಿ ಸಂಸತ್ತಿನ ಮುಂದೆ ಬಂದ ‘ಬ್ರಿಂಗಿಂಗ್ ದೆಮ್ ಹೋಮ್’ ಎಂಬ ವರದಿಯು ರಾಷ್ಟ್ರದ ಪರವಾಗಿ ಕ್ಷಮಾಯಾಚನೆಯನ್ನು ಶಿಫಾರಸು ಮಾಡಿತು. ಮರುವರ್ಷ ಮೇ 26ನ್ನು ಜನ ‘ಸಾರಿ ದಿನ’ವೆಂದು ಆಚರಿಸಿದರು. ಪ್ರಧಾನಿ ಜಾನ್ ಹೊವಾರ್ಡ್ 1999ರಲ್ಲಿ ಸಂಸತ್ತಿನಲ್ಲಿ ಮಂಡಿಸಿದ ನಿರ್ಣಯದಲ್ಲಿ ಆಳವಾದ ‘ವಿಷಾದ’ವಿತ್ತು, ‘ಸಾರಿ’ ಇರಲಿಲ್ಲ. ಆ ಪದವನ್ನು ದೇಶದ ಪರವಾಗಿ ಉಚ್ಚರಿಸಿದವರು ಪ್ರಧಾನಿ ಕೆವಿನ್ ರಡ್, 2008ರ ಫೆಬ್ರವರಿ 13ರಂದು. ಅಲ್ಲಿನ ಮೂಲನಿವಾಸಿಗಳ ಇಂಗ್ಲಿಷಿನಲ್ಲಿ ‘ಸಾರಿ ಬಿಸಿನೆಸ್’ ಎಂದರೆ ಸಾವಿನ ನಂತರದ ಶೋಕಾಚರಣೆ. ಪದದ ಮೂಲದಲ್ಲಿದ್ದ ನೋವನ್ನು ಇಂಗ್ಲಿಷರೇ ಮರೆತಿದ್ದಾಗ, ಇಂಗ್ಲಿಷನ್ನು ಹೇರಿಸಿಕೊಂಡವರ ನಾಲಿಗೆಯಲ್ಲಿ ಅದು ಉಳಿದುಕೊಂಡಿತ್ತು! ಅವರು ಕೇಳಿದ್ದು ತಪ್ಪೊಪ್ಪಿಗೆಯನ್ನು ಮಾತ್ರವಲ್ಲ. ತಮ್ಮೊಡನೆ ಕುಳಿತು ಅಳುವವರನ್ನು.

ಕಾನೂನು ಕೂಡ ಈ ಪದದ ಎರಡು ಮುಖಗಳನ್ನು ಬಲ್ಲದು. ಇಂಗ್ಲೆಂಡಿನ 2006ರ ಪರಿಹಾರ ಕಾಯ್ದೆಯ ಪ್ರಕಾರ ಕ್ಷಮೆ ಕೇಳಿದ ಮಾತ್ರಕ್ಕೇ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತಾಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2006ರಲ್ಲಿ, ಒಂಟಾರಿಯೋ 2009ರಲ್ಲಿ ಇಂಥದೇ ಕಾಯ್ದೆಗಳನ್ನು ತಂದವು. ಇದರ ಉದ್ದೇಶ ಒಳ್ಳೆಯದೇ: ದಾವೆಯ ಭಯದಿಂದ ಬಾಯಿ ಬಿಗಿದುಕೊಂಡಿದ್ದ ವೈದ್ಯನು ರೋಗಿಯ ಮನೆಯವರೊಡನೆ ಮನುಷ್ಯನಂತೆ ಮಾತನಾಡಲು ಇದರಿಂದ ಸಾಧ್ಯವಾಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೇಳುವವನಿಗೆ ಯಾವ ಬೆಲೆಯನ್ನೂ ತೆರಿಸದ ಮಾತಿಗೆ ಕೇಳುವವನ ಮನಸ್ಸಿನಲ್ಲಿ ಎಷ್ಟು ಬೆಲೆ?

ಇನ್ನು ಕನ್ನಡದ ಕಡೆಗೆ ಬರೋಣ. ಸಾವಿನ ಮನೆಯಲ್ಲಿ ನಾವು ‘ಸಾರಿ’ ಎನ್ನುವುದಿಲ್ಲ. ಎಂದರೆ ಅದು ಅಭಾಸವೆನಿಸುತ್ತದೆ. ಇಂಗ್ಲಿಷಿನಿಂದ ಪದವನ್ನು ತರುವಾಗ ಅದರ ನೋವನ್ನು ಅಲ್ಲಿಯೇ ಬಿಟ್ಟು, ತಪ್ಪಿನ ಅರ್ಥವನ್ನು ಮಾತ್ರ, ಅದನ್ನೂ ಹಗುರ ಮಾಡಿ ತಂದಿದ್ದೇವೆ. ಹಾಗೆ ತರುವಾಗ ಮನೆಯಲ್ಲಿದ್ದ ಮಾತುಗಳನ್ನು ಮೂಲೆಗೆ ಸರಿಸಿದ್ದೇವೆ. ‘ಕ್ಷಮಿಸಿ’ ಎಂಬುದರಲ್ಲಿ ಕರ್ತೃ ಹೇಳುವವನಲ್ಲ, ಕೇಳಿಸಿಕೊಳ್ಳುವವನು. ಕ್ಷಮೆಯ ಮೂಲಾರ್ಥ ಸಹನೆ. ಭೂಮಿಗೂ ಆ ಹೆಸರುಂಟು. ‘ನನ್ನನ್ನು ಸಹಿಸಿಕೊಳ್ಳಿ’ ಎಂದು ಬೇಡುವವನು ತೀರ್ಪನ್ನು ಎದುರಿನವರ ಕೈಗೆ ಒಪ್ಪಿಸುತ್ತಾನೆ. ಅವರು ‘ಇಲ್ಲ’ ಎನ್ನಲೂಬಹುದು. ‘ಮನ್ನಿಸಿ’ ಇನ್ನೂ ಸೊಗಸಾದುದು. ಮನ್ನಿಸುವುದೆಂದರೆ ಕ್ಷಮಿಸುವುದೂ ಹೌದು, ಗೌರವಿಸುವುದೂ ಹೌದು. ಮನ್ನಣೆ ಅದರ ಒಡಹುಟ್ಟು. ತಪ್ಪಿದವನಿಗೆ ಅವನು ಕಳೆದುಕೊಂಡ ಮರ್ಯಾದೆಯನ್ನು ಹಿಂದಿರುಗಿಸುವುದೇ ಮನ್ನಿಸುವಿಕೆ ಎಂಬ ಅರಿವು ಈ ಪದದೊಳಗೇ ಅಡಗಿದೆ. ‘ಸಾರಿ’ಗೆ ‘ಪರವಾಗಿಲ್ಲ’ ಎಂಬ ಉತ್ತರ ಸಿದ್ಧವಾಗಿದೆ. ‘ಮನ್ನಿಸಿ’ ಎಂದವರಿಗೆ ಅಷ್ಟು ಸುಲಭವಾಗಿ ಉತ್ತರಿಸಲಾಗದು.

ಹಾಗೆಂದು ಕನ್ನಡ ನಿರ್ದೋಷಿ, ಇಂಗ್ಲಿಷ್ ಮಾತ್ರ ಅಪರಾಧಿ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ನುಣುಚಿಕೊಳ್ಳುವ ದಾರಿಗಳು ನಮ್ಮಲ್ಲಿಯೂ ಇವೆ. ‘ತಪ್ಪಾಯಿತು’ ಎಂಬುದನ್ನೇ ಗಮನಿಸಿ: ಮಳೆಯಾಯಿತು, ಕತ್ತಲಾಯಿತು ಎಂಬಂತೆ ತಪ್ಪೂ ತಾನಾಗಿಯೇ ಆಗಿಬಿಡುತ್ತದೆ. ‘ತಪ್ಪು ಮಾಡಿದೆ’ ಎನ್ನಲು ಬೇರೆಯೇ ಧೈರ್ಯ ಬೇಕು. ರೈಲು ತಡವಾದಾಗ ನಿಲ್ದಾಣದ ಧ್ವನಿಮುದ್ರಿತ ಕಂಠವು ‘ವಿಷಾದಿಸುತ್ತೇವೆ’ ಎನ್ನುತ್ತದೆ. ವಿಷಾದಿಸುತ್ತಿರುವವರು ಯಾರೆಂಬುದು ಯಾರಿಗೂ ತಿಳಿಯದು. ಇನ್ನು ಸಾರ್ವಜನಿಕ ಜೀವನದಲ್ಲಿರುವವರ ಅಚ್ಚುಮೆಚ್ಚಿನ ವಾಕ್ಯ, ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬುದು. ಇದರಲ್ಲಿ ‘ಯಾರಿಗಾದರೂ’ ಎಂಬುದು ನೊಂದವರನ್ನು ಅಳಿಸುತ್ತದೆ. ‘ಆಗಿದ್ದರೆ’ ಎಂಬುದು ನೋವನ್ನೇ ಸಂಶಯಿಸುತ್ತದೆ. ‘ವಿಷಾದ’ವು ತಪ್ಪನ್ನು ಅಳಿಸುತ್ತದೆ. ಒಂದೇ ವಾಕ್ಯದಲ್ಲಿ ಮೂರು ಕಿಟಕಿಗಳು!

ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಶತಮಾನದ ಹೊಸ್ತಿಲಲ್ಲಿ, 2019ರ ಏಪ್ರಿಲ್ 10ರಂದು, ಬ್ರಿಟನ್ನಿನ ಪ್ರಧಾನಿ ಥೆರೇಸಾ ಮೇ ಸಂಸತ್ತಿನಲ್ಲಿ ಆಳವಾದ ವಿಷಾದವನ್ನು ವ್ಯಕ್ತಪಡಿಸಿದರು, ಕ್ಷಮೆ ಕೇಳಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಂದಿನ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷ ಜಸ್ಟಿನ್ ವೆಲ್ಬಿ ಅಮೃತಸರಕ್ಕೆ ಬಂದರು. ಸರ್ಕಾರದ ಪರವಾಗಿ ಮಾತನಾಡುವ ಅಧಿಕಾರ ತಮಗಿಲ್ಲವೆಂದು ಹೇಳಿ, ತಮಗೆ ನಾಚಿಕೆಯಾಗಿದೆಯೆಂದು ಒಪ್ಪಿ, ಆ ನೆಲದ ಮೇಲೆ ಅಡ್ಡಬಿದ್ದರು. ಅಧಿಕಾರವಿದ್ದವರಿಗೆ ಪದ ಸಿಗಲಿಲ್ಲ. ಅಧಿಕಾರವಿಲ್ಲದವರಿಗೆ ಪದವೇ ಸಾಲದೆ ದೇಹವೂ ಮಾತನಾಡಬೇಕಾಯಿತು.

ಧರ್ಮಸಭೆಯೂ ಈ ಪರೀಕ್ಷೆಯಿಂದ ಹೊರಗಿಲ್ಲ. ಕೆನಡಾದ ವಸತಿ ಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಗಾದ ಅನ್ಯಾಯಕ್ಕಾಗಿ ಪೋಪ್ ಫ್ರಾನ್ಸಿಸ್ 2022ರ ಜುಲೈ 25ರಂದು ಮಸ್ಕ್ವಾಚೀಸ್ ಎಂಬಲ್ಲಿ, ಅವರ ನಡುವೆಯೇ ನಿಂತು ಕ್ಷಮೆ ಬೇಡಿದರು. ಅದು ಅನೇಕರ ಕಣ್ಣು ತೋಯಿಸಿತು. ಆದರೆ ಅಲ್ಲಿನ ಸತ್ಯಶೋಧನಾ ಆಯೋಗದ ಅಧ್ಯಕ್ಷರಾಗಿದ್ದ ಮರ್ರೆ ಸಿಂಕ್ಲೇರ್ ಅದರಲ್ಲೊಂದು ಕೊರತೆಯನ್ನು ಕಂಡರು: ತಪ್ಪನ್ನು ವ್ಯಕ್ತಿಗಳ ಮೇಲೆ ಹೊರಿಸಲಾಗಿದೆ, ಸಂಸ್ಥೆಯ ಹೊಣೆ ಹೇಳದೆ ಉಳಿದಿದೆ ಎಂದು. ನೊಂದವರು ಪದಗಳನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುತ್ತಾರೆಂಬುದನ್ನು ನಾವು ಮರೆಯಬಾರದು. ಕಾಲು ತುಳಿದವನಿಗೆ ಎಲ್ಲ ಪದಗಳೂ ಒಂದೇ, ತುಳಿಸಿಕೊಂಡವನಿಗೆ ಹಾಗಲ್ಲ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ವಿವೇಚನೆ ಸ್ಪಷ್ಟವಾಗಿದೆ. ಯೂದನ ಮನಸ್ಸಿನ ಬೇಗೆಯನ್ನು ಹೇಳುವಾಗ ಮತ್ತಾಯನು ಬಳಸುವ ಕ್ರಿಯಾಪದ ‘ಮೆಟಮೆಲೊಮಾಯ್’; ಅದು ಮಾಡಿದ್ದಕ್ಕಾಗಿ ಮರುಗುವುದು. ಯೇಸುವಿನ ಬೋಧನೆಯ ಆರಂಭದಲ್ಲಿಯೇ ಬರುವ ಕರೆ ‘ಮೆಟನೋಯ’ದ್ದು, ಅದು ಮನಸ್ಸೇ ತಿರುಗುವುದು. ಮರುಗಿದವರೆಲ್ಲ ತಿರುಗಿದವರಲ್ಲ. ಲೂಕನ ಶುಭಸಂದೇಶದ 19ನೆಯ ಅಧ್ಯಾಯದ ಜಕ್ಕಾಯನನ್ನು ನೋಡಿ. ಅವನು ‘ನೊಂದಿದ್ದೇನೆ’ ಎನ್ನುವುದಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವುದಾಗಿಯೂ ನಿಂತು ಹೇಳುತ್ತಾನೆ. ಅವನ ಕ್ಷಮಾಯಾಚನೆಯಲ್ಲಿ ವಿಶೇಷಣಗಳಿಲ್ಲ, ಲೆಕ್ಕವಿದೆ.

‘ಸಾರಿ’ಯನ್ನು ಭಾಷೆಯಿಂದ ಹೊರದಬ್ಬಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಬಸ್ಸಿನ ನೂಕುನುಗ್ಗಲಿಗೆ ಅದು ಸಾಕು. ಅಲ್ಲಿ ದೊಡ್ಡ ಮಾತುಗಳೇ ಹಾಸ್ಯಾಸ್ಪದ. ಆದರೆ ಹೆಂಡತಿಯ ಮನಸ್ಸು ಮುರಿದಾಗ, ಮಗುವಿನ ಮೇಲೆ ವಿನಾಕಾರಣ ಕೈಯೆತ್ತಿದಾಗ, ಕೂಲಿಯವರ ಹಣ ಉಳಿಸಿಕೊಂಡಾಗ, ನೆರೆಯವರ ಹೆಸರಿಗೆ ಮಸಿ ಬಳಿದಾಗ ಬಸ್ಸಿನ ಚಿಲ್ಲರೆ ನಾಣ್ಯದಿಂದ ಸಾಲ ತೀರದು. ಅಲ್ಲಿ ಯಾರಿಗೆ ನೋವಾಯಿತೆಂದು ಹೆಸರಿಟ್ಟು ಹೇಳಬೇಕು, ‘ಆಯಿತು’ ಎನ್ನದೆ ‘ಮಾಡಿದೆ’ ಎನ್ನಬೇಕು, ‘ಆದರೆ’ ಎಂಬುದನ್ನು ನುಂಗಿಕೊಳ್ಳಬೇಕು, ಹಿಂದಿರುಗಿಸಬಹುದಾದದ್ದನ್ನು ಹಿಂದಿರುಗಿಸಬೇಕು. ಆಮೇಲೆ ಉತ್ತರಕ್ಕಾಗಿ ಕಾಯಬೇಕು. ಉತ್ತರ ಕೊಡುವ ಹಕ್ಕು ಎದುರಿನವರದು.