ಕಪ್ಪು ಪಟ್ಟಿಗಳ ಕೆಳಗಿನ ಮನುಷ್ಯ

ನಮ್ಮ ಉರ್ದು ಮೇಷ್ಟ್ರು ಗಜಲ್ ಪಾಠ ಮಾಡುವಾಗ ಎರಡು ಶಬ್ದಗಳನ್ನು ಕರಿಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದರು. ಒಂದು ಕಫಸ್, ಇನ್ನೊಂದು ಸಯ್ಯಾದ್. ಪಂಜರ ಮತ್ತು ಬೇಟೆಗಾರ. ಪಂಜರವೆಂದರೆ ದೇಹ, ಪಂಜರವೆಂದರೆ ಲೋಕ, ಪಂಜರವೆಂದರೆ ದೊರೆಯ ಆಳ್ವಿಕೆ. ಕಬ್ಬಿಣದ ಪಂಜರ ಎಂದು ಮಾತ್ರ ಬರೆಯಬೇಡಿ, ಅಂಕ ಹೋಗುತ್ತದೆ ಎನ್ನುತ್ತಿದ್ದರು. ನಾವು ಹಾಗೆಯೇ ಬರೆದು ಅಂಕ ಪಡೆದೆವು. 2002ರ ಜನವರಿಯಲ್ಲಿ ಕ್ಯೂಬಾ ದ್ವೀಪದ ಗ್ವಾಂಟನಾಮೊ ಕೊಲ್ಲಿಯಿಂದ ಕೆಲವು ಚಿತ್ರಗಳು ಬಂದವು. ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು, ಕಣ್ಣು ಕಿವಿ ಮುಚ್ಚಿಸಿಕೊಂಡು, ತಂತಿಬೇಲಿಯ ನಡುವೆ ಮೊಣಕಾಲೂರಿದ ಮನುಷ್ಯರು. ಅವರಿಗಾಗಿ ಅಲ್ಲಿ ತಂತಿಬಲೆಯ ಗೂಡುಗಳನ್ನೇ ಕಟ್ಟಿದ್ದರು. ಮೇಷ್ಟ್ರ ಪಾಠ ಅಂದು ಹಳತಾಯಿತು. ಪಂಜರ ರೂಪಕವಾಗಿ ಉಳಿದಿರಲಿಲ್ಲ.

ಅಲ್ಲಿಂದ ಹೊರಬಂದ ಬರಹಗಳಲ್ಲಿ ನಾವು ಮತ್ತೆ ಮತ್ತೆ ಕೈಗೆತ್ತಿಕೊಂಡದ್ದು ಮುಹಮ್ಮದೂ ವುಲ್ದ್ ಸಲಾಹಿಯವರ 'ಗ್ವಾಂಟನಾಮೊ ಡೈರಿ'. 2005ರಲ್ಲಿ ಒಂಟಿ ಕೋಣೆಯಲ್ಲಿ ಕುಳಿತು ಕೈಯಾರೆ ಬರೆದ 466 ಪುಟಗಳು. ವಕೀಲರು ಆರು ವರ್ಷಕ್ಕೂ ಮಿಕ್ಕಿ ಹೋರಾಡಿದ ಮೇಲೆ ಅಮೆರಿಕ ಸರಕಾರ ಹಸ್ತಪ್ರತಿಯನ್ನು ಬಿಟ್ಟುಕೊಟ್ಟಿತು. ಆದರೆ 2,500ಕ್ಕೂ ಹೆಚ್ಚು ಕಡೆಗಳಲ್ಲಿ ಅಕ್ಷರಗಳ ಮೇಲೆ ಕಪ್ಪು ಪಟ್ಟಿ ಬಳಿದಿತ್ತು. ಲಾರಿ ಸೀಮ್ಸ್ ಸಂಪಾದಿಸಿದ ಪುಸ್ತಕ 2015ರ ಜನವರಿಯಲ್ಲಿ ಪ್ರಕಟವಾದಾಗ ಲೇಖಕರು ಇನ್ನೂ ಸೆರೆಯಲ್ಲೇ ಇದ್ದರು. 2016ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಹದಿನಾಲ್ಕು ವರ್ಷಗಳಲ್ಲಿ ಒಂದು ಆರೋಪಪಟ್ಟಿಯೂ ಅವರ ಮೇಲೆ ಸಲ್ಲಿಕೆಯಾಗಲಿಲ್ಲ. ಅಳಿಸಿದ ಭಾಗಗಳನ್ನು ತುಂಬಿದ ಆವೃತ್ತಿ 2017ರಲ್ಲಿ ಬಂದಿದೆ. ಆದರೂ ನಾವಿಲ್ಲಿ ಹಳೆಯ ಆವೃತ್ತಿಯನ್ನೇ ಮುಂದಿಟ್ಟುಕೊಂಡಿದ್ದೇವೆ. ಆ ಕಪ್ಪು ಪಟ್ಟಿಗಳೂ ಕೃತಿಯ ಭಾಗವೇ ಎಂಬುದು ನಮ್ಮ ನಂಬಿಕೆ.

ಸಲಾಹಿ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದವರಲ್ಲ. ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಿ ಸ್ವದೇಶ ಮಾರಿಟಾನಿಯಾಕ್ಕೆ ಮರಳಿದ್ದರು. 2001ರ ನವೆಂಬರಿನಲ್ಲಿ ಪೊಲೀಸರು ಕರೆದರೆಂದು ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಠಾಣೆಗೆ ಹೋದರು. ಅಲ್ಲಿಂದ ಜೋರ್ಡಾನಿನ ಸೆರೆಮನೆಯಲ್ಲಿ ಎಂಟು ತಿಂಗಳು, ಆಮೇಲೆ ಅಫ್ಘಾನಿಸ್ತಾನದ ಬಗ್ರಾಮ್, 2002ರ ಆಗಸ್ಟಿನಲ್ಲಿ ಗ್ವಾಂಟನಾಮೊ. 2003ರಲ್ಲಿ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಒಪ್ಪಿಗೆ ಕೊಟ್ಟ ವಿಶೇಷ ವಿಚಾರಣೆಗೆ ಅವರನ್ನು ಒಳಪಡಿಸಲಾಯಿತು. ನಿದ್ದೆಗೆಡಿಸುವುದು, ಚಳಿಯಲ್ಲಿ ಕೂರಿಸುವುದು, ದೋಣಿಯಲ್ಲಿ ಸಮುದ್ರಕ್ಕೆ ಒಯ್ದು ಹೊಡೆಯುವುದು. ತಾಯಿಯನ್ನೂ ಹಿಡಿದು ತರುತ್ತೇವೆ ಎಂಬ ಬೆದರಿಕೆ ಬೇರೆ. ಕೊನೆಗೆ ಅವರು ಕೇಳಿದ್ದಕ್ಕೆಲ್ಲ ಹೌದು ಎಂದರು. ಆ ತಾಯಿ 2013ರಲ್ಲಿ, ಮಗನ ಮುಖ ಮತ್ತೆ ಕಾಣದೆಯೇ ತೀರಿಕೊಂಡರು.

ಇಷ್ಟನ್ನು ಯಾವುದೇ ವರದಿಯೂ ಹೇಳಬಹುದು. ಡೈರಿ ಸಾಹಿತ್ಯವಾಗುವುದು ಬೇರೊಂದು ಕಾರಣಕ್ಕೆ. ಇದು ಇಂಗ್ಲಿಷಿನಲ್ಲಿದೆ. ಅರಬಿ, ಫ್ರೆಂಚ್, ಜರ್ಮನ್ ಬಲ್ಲ ಈ ಮನುಷ್ಯ ನಾಲ್ಕನೆಯ ಭಾಷೆಯಾದ ಇಂಗ್ಲಿಷನ್ನು ಬಹುಪಾಲು ಕಲಿತದ್ದು ಕಾವಲುಗಾರರಿಂದ, ವಿಚಾರಣಾಧಿಕಾರಿಗಳಿಂದ. ಹಾಗಾಗಿ ಅದರಲ್ಲಿ ಪಡಸಾಲೆಯ ನಯವಿಲ್ಲ. ಬ್ಯಾರಕ್ಕಿನ ಬೈಗುಳವಿದೆ, ತಮಾಷೆಯಿದೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಆಡುತ್ತ ಬೆಳೆದ ನಮ್ಮಂಥವರಿಗೆ ಇದು ಬೇಗ ತಟ್ಟುತ್ತದೆ. ಭಾಷೆ ಯಾರ ಬಾಯಿಂದ ಬಂತೋ ಅವರ ವಾಸನೆಯನ್ನೂ ತರುತ್ತದೆ. ಸಲಾಹಿ ತಮ್ಮನ್ನು ಬೈದ ಭಾಷೆಯಲ್ಲೇ, ಬೈದವರ ಮುಂದೆಯೇ ಸಾಕ್ಷಿ ನುಡಿದರು.

ಇನ್ನೊಂದು ಕಾರಣ, ಸಣ್ಣ ವಸ್ತುಗಳ ಮೇಲಿನ ಅವರ ಗಮನ. ಹಿಂಸೆಯ ಕಾಲ ಮುಗಿದಾಗ ಅವರಿಗೊಂದು ದಿಂಬು ಸಿಗುತ್ತದೆ. ಓದಲು ಬೇರೇನೂ ಇಲ್ಲದ್ದರಿಂದ ಆ ದಿಂಬಿಗೆ ಹೊಲಿದ ಚೀಟಿಯನ್ನೇ ಮತ್ತೆ ಮತ್ತೆ ಓದುತ್ತಾರೆ. ಕತೆ ಬರೆಯುವವರಾದ ನಾವು ಅಲ್ಲಿ ತಡೆದು ನಿಂತೆವು. ಅಕ್ಷರದ ಹಸಿವೆಂದರೇನು ಎಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಲಾಗದು. ಕಾವಲುಗಾರರನ್ನೂ ಅವರು ರಾಕ್ಷಸರೆಂದು ಒಂದೇ ಅಚ್ಚಿನಲ್ಲಿ ಎರೆದಿಲ್ಲ. ಕ್ರೂರಿ ಯಾರು, ಅಂಜುಬುರುಕ ಯಾರು, ಮನೆಯ ನೆನಪಿನಲ್ಲಿ ಸೊರಗುವ ಹುಡುಗ ಯಾರು ಎಂದು ಬೇರೆ ಬೇರೆಯಾಗಿ ಗುರುತಿಸುತ್ತಾರೆ. ತಮಗೆ ನಂಬರು ಕೊಟ್ಟವರಿಗೆ ಅವರು ಮುಖ ಕೊಟ್ಟಿದ್ದಾರೆ.

ಇನ್ನು ಕಪ್ಪು ಪಟ್ಟಿಗಳು. ವಿಚಾರಣೆ ನಡೆಸಿದವರು ಹೆಂಗಸರಾಗಿದ್ದ ಕಡೆಯಲ್ಲೆಲ್ಲ 'ಅವಳು' ಎಂಬ ಸರ್ವನಾಮವನ್ನೇ ಅಳಿಸಲಾಗಿದೆ. 'ಅವನು' ಹಾಗೆಯೇ ಉಳಿದಿದೆ. ಆದ್ದರಿಂದ ಎಲ್ಲಿ ಸರ್ವನಾಮ ಕಪ್ಪಾಗಿದೆಯೋ ಅಲ್ಲಿ ಹೆಣ್ಣಿದ್ದಾಳೆ ಎಂದು ಓದುಗನಿಗೆ ಬೇಗನೆ ತಿಳಿದುಹೋಗುತ್ತದೆ. ಒಂದು ಕಡೆ ಅಳಿಸಿರುವುದು 'ಕಣ್ಣೀರು' ಎಂಬ ಶಬ್ದ ಇರಬಹುದೆಂದು ಸಂಪಾದಕರು ಅಚ್ಚರಿಯಿಂದ ಊಹಿಸುತ್ತಾರೆ. ಕೈದಿಯ ಕಣ್ಣೀರು ದೇಶದ ಭದ್ರತೆಗೆ ಹೇಗೆ ಅಪಾಯ? ನಾವು ಯೋಚಿಸಿದ್ದು ಹೀಗೆ: ಅಳುವವನು ಮನುಷ್ಯ, ಮನುಷ್ಯನೆಂದು ಒಪ್ಪಿದರೆ ಕಾನೂನು ಅನ್ವಯಿಸುತ್ತದೆ. ಈ ಕೆಲಸ ಪಟ್ಟಿ ಬಳಿಯುವುದಕ್ಕಿಂತ ಮೊದಲೇ, ಶಬ್ದಗಳನ್ನು ಆರಿಸುವಲ್ಲೇ ಶುರುವಾಗಿತ್ತು. 1949ರ ಜಿನೀವಾ ಒಪ್ಪಂದಗಳು ಸೆರೆಸಿಕ್ಕವರನ್ನು ಹಿಂಸಿಸಕೂಡದು, ಅವಮಾನಿಸಕೂಡದು ಎನ್ನುತ್ತವೆ. 2002ರ ಫೆಬ್ರುವರಿಯಲ್ಲಿ ಅಧ್ಯಕ್ಷ ಬುಷ್, ಇವರು ಯುದ್ಧಕೈದಿಗಳೇ ಅಲ್ಲ ಎಂದು ಆದೇಶಿಸಿದರು. 'ಕಾನೂನುಬಾಹಿರ ಹೋರಾಟಗಾರ' ಎಂಬ ಹೆಸರು ಬಂತು. ಒಪ್ಪಂದಗಳ ಕನಿಷ್ಠ ರಕ್ಷಣೆ ಇವರಿಗೂ ಉಂಟೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಲು 2006 ಬರಬೇಕಾಯಿತು.

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಅದೇ ಪ್ರಶ್ನೆ, ಅದೇ ಉತ್ತರ ಮರಳಿ ಮರಳಿ ಬಂದು ಕೆಲವು ಅಧ್ಯಾಯಗಳು ಎಳೆದಂತಾಗಿವೆ. ತೊಂಬತ್ತರ ದಶಕದ ಆರಂಭದಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ, ಅಲ್ಲಿನ ಕಮ್ಯುನಿಸ್ಟ್ ಸರಕಾರದ ವಿರುದ್ಧ ಹೋರಾಡುವುದಕ್ಕಾಗಿ ಅಲ್‌ಖೈದಾಕ್ಕೆ ನಿಷ್ಠೆಯ ಪ್ರಮಾಣ ಮಾಡಿದ್ದನ್ನು ಸಲಾಹಿ ಮುಚ್ಚಿಡುವುದಿಲ್ಲ. ಆಮೇಲೆ ಆ ಸಂಬಂಧ ಕಡಿದುಕೊಂಡೆ ಎನ್ನುತ್ತಾರೆ. ಆದರೆ ಕಾವಲುಗಾರನ ಮನಸ್ಸನ್ನು ಅಷ್ಟು ಚೆನ್ನಾಗಿ ಬಗೆಯುವ ಲೇಖಕ, ಆ ಇಪ್ಪತ್ತರ ಹರೆಯದ ತನ್ನ ಮನಸ್ಸನ್ನು ಬಗೆಯುವುದಿಲ್ಲ. ಅಲ್ಲಿ ಇನ್ನೊಂದು ಅಧ್ಯಾಯ ಬರೆಯಬೇಕಿತ್ತು. 2021ರ 'ದಿ ಮಾರಿಟಾನಿಯನ್' ಚಲನಚಿತ್ರವಂತೂ ವಕೀಲರ ಕಡತದ ಹುಡುಕಾಟಕ್ಕೆ ಹೆಚ್ಚು ಹೊತ್ತು ಕೊಟ್ಟು, ಈ ಪುಸ್ತಕದ ಜೀವವಾದ ಮಾತಿನ ಚೇಷ್ಟೆಯನ್ನು ಬಹುಮಟ್ಟಿಗೆ ಕಳೆದುಕೊಂಡಿದೆ.

ಈ ಕೊರತೆಗಿಂತ ದೊಡ್ಡ ಪ್ರಶ್ನೆ ಓದುಗರಾದ ನಮ್ಮದು. ಸಲಾಹಿ ನಮಗೆ ಇಷ್ಟವಾಗುವುದು ಅವರ ಅಪರಾಧ ಸಾಬೀತಾಗಲಿಲ್ಲವೆಂದೇ? ಅವರು ಹಾಸ್ಯಪ್ರಿಯರು, ಹಿಂಸಿಸಿದವರನ್ನು ಕ್ಷಮಿಸಿದವರು ಎಂದೇ? ಹಾಗಾದರೆ ಅಪರಾಧಿಯನ್ನು, ಕ್ಷಮಿಸದವನನ್ನು ಹಿಂಸಿಸಬಹುದೇ? 2007ರಲ್ಲಿ ಗ್ವಾಂಟನಾಮೊ ಕೈದಿಗಳ ಕವಿತೆಗಳ ಸಂಕಲನವೊಂದು ಹೊರಬಂತು. ಹದಿನೇಳು ಜನರ 22 ಕವಿತೆಗಳು. ಅದರಲ್ಲಿ ಅಬ್ದುಲ್ ರಹೀಮ್ ಮುಸ್ಲಿಮ್ ದೋಸ್ತ್ ಎಂಬ ಪಶ್ತೊ ಕವಿಯಿದ್ದಾರೆ. ಕಾಗದ ಪೆನ್ನು ಕೊಡದ ದಿನಗಳಲ್ಲಿ ಫೋಮಿನ ಲೋಟದ ಮೇಲೆ ಕಲ್ಲುಚೂರಿನಿಂದ ಗೀರಿ ಪದ್ಯ ಬರೆದವರು. 2014ರಲ್ಲಿ ಅದೇ ಕವಿ ಐಎಸ್‌ಗೆ ನಿಷ್ಠೆ ಘೋಷಿಸಿದರೆಂಬ ಸುದ್ದಿ ಓದಿ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಹಾಗೆಂದು ಆ ಗೂಡು ಸರಿಯಾಗಿತ್ತೆನ್ನಲು ಮನಸ್ಸು ಒಪ್ಪಲಿಲ್ಲ. ಹಿಂಸೆಗೆ ಒಳಗಾಗದಿರುವ ಹಕ್ಕು ಒಳ್ಳೆಯತನಕ್ಕೆ ಕೊಡುವ ಬಹುಮಾನವಲ್ಲ. ಸಲಾಹಿಯ ಮೊಕದ್ದಮೆ ನಡೆಸಬೇಕಿದ್ದ ಸೇನಾ ವಕೀಲ ಸ್ಟುವರ್ಟ್ ಕೌಚ್ ಇದನ್ನು ಅರಿತಿದ್ದರು. 2001ರ ಸೆಪ್ಟೆಂಬರ್ 11ರಂದು ಅವರ ಗೆಳೆಯನೊಬ್ಬ ಸತ್ತಿದ್ದ. ಸಲಾಹಿ ಅಪರಾಧಿಯೆಂದೇ ಆಗ ಅವರಿಗೆ ಅನ್ನಿಸಿತ್ತು. ಆದರೂ ಹಿಂಸಿಸಿ ಪಡೆದ ಮಾತಿನ ಮೇಲೆ ವಾದಿಸಲಾರೆನೆಂದು ಹಿಂದೆ ಸರಿದರು.

ಈ ಮಾತನ್ನು ಅಮೆರಿಕದವರಿಗೆ ಹೇಳಿ ಮುಗಿಸುವುದು ಸುಲಭ. ಸಲಾಹಿಯನ್ನು ಒಪ್ಪಿಸಿದ್ದು ಅವರದೇ ಮುಸ್ಲಿಮ್ ಸರಕಾರ. ಎಂಟು ತಿಂಗಳು ಕೂಡಿಟ್ಟದ್ದು ಇನ್ನೊಂದು ಮುಸ್ಲಿಮ್ ದೇಶ. 2004ರಲ್ಲಿ ಅಮೆರಿಕದ ಸೈನಿಕರ ಚಿತ್ರಗಳಿಂದ ಕುಖ್ಯಾತವಾದ ಅಬು ಗರೀಬ್, ಅದಕ್ಕೂ ಮೊದಲು ಸದ್ದಾಮ್ ಹುಸೇನನ ಸೆರೆಮನೆ. ಆಗ ನಾವು ಎಷ್ಟು ಬರೆದಿದ್ದೆವು?

ಇನ್ನೂ ಹತ್ತಿರ ಬರೋಣ. ಶ್ರೀರಂಗಪಟ್ಟಣಕ್ಕೆ ಹೋದವರೆಲ್ಲ ಕರ್ನಲ್ ಬೇಲಿಯ ಬಂದೀಖಾನೆಯನ್ನು ನೋಡಿದ್ದಾರೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ಅದೇ ವರ್ಷ ಜೇಮ್ಸ್ ಸ್ಕರಿ ಎಂಬ ಹಡಗಿನ ಹುಡುಗ ಫ್ರೆಂಚರ ಕೈಗೆ ಸಿಕ್ಕಿ, ಅವರಿಂದ ಹೈದರಲಿಯ ಕೈಗೆ ಬಂದ. ಬಲವಂತದ ಸುನ್ನತಿ, ಹತ್ತು ವರ್ಷದ ಸೆರೆವಾಸ. ಊರಿಗೆ ಮರಳಿದಾಗ ಅವನ ಇಂಗ್ಲಿಷ್ ತೊದಲುತ್ತಿತ್ತು. ಅವನ ಸೆರೆಯ ಕಥನ 1824ರಲ್ಲಿ ಅಚ್ಚಾಯಿತು. ಇಂಥ ಕಥನಗಳನ್ನು ಬ್ರಿಟಿಷರು ಟಿಪ್ಪುವನ್ನು ಹಳಿಯಲು ಬಳಸಿಕೊಂಡರು, ನಿಜ. ಆ ಕಾರಣಕ್ಕೇ ನಾವು ಬಹುಕಾಲ ಅವನ್ನು ಓದಲೂ ಒಲ್ಲೆವೆಂದೆವು. ಈಗ ಓದುವಾಗ ಅನ್ನಿಸುತ್ತದೆ, ಸ್ಕರಿಯೂ ಸಲಾಹಿಯೂ ಸೆರೆಹಿಡಿದವರ ಭಾಷೆಯ ನಡುವೆ ಬಾಳಿದವರು. ಟಿಪ್ಪುವಿನ ಮೇಲಿನ ನಮ್ಮ ಅಭಿಮಾನ, ಆ ಹುಡುಗನ ನೋವಿನ ಮೇಲೆ ನಾವು ಬಳಿಯುವ ಕಪ್ಪು ಪಟ್ಟಿಯಾಗಬಾರದು. ಬಡವನಿಗೆ, ಅನಾಥನಿಗೆ ಉಣಿಸುವ ಮಾತು ಬರುವಲ್ಲೇ ಕೈದಿಯನ್ನೂ ನೆನೆಯುವುದನ್ನು ಕುರ್‌ಆನ್ ಓದುವವರೆಲ್ಲ ಬಲ್ಲರು. ಆ ಕೈದಿ ಯಾವ ಕಡೆಯವನೆಂಬ ವಿಚಾರಣೆ ಅಲ್ಲಿಲ್ಲ.

ಗ್ವಾಂಟನಾಮೊಗೆ 2002ರಿಂದೀಚೆಗೆ ಒಯ್ದವರು ಸುಮಾರು 780 ಜನ. ಪುಸ್ತಕ ಬರೆದವರು ಬೆರಳೆಣಿಕೆಯಷ್ಟು. ಉಳಿದವರ ಬದುಕೆಲ್ಲ ಒಂದೇ ಉದ್ದನೆಯ ಕಪ್ಪು ಪಟ್ಟಿ. ಸಲಾಹಿಯವರ ಪುಸ್ತಕ ಕಲಿಸುವುದು ಆ ಪಟ್ಟಿಯ ಕೆಳಗೆ ಒಬ್ಬ ಮನುಷ್ಯನಿದ್ದಾನೆಂದು ನಂಬಿ ಓದುವುದನ್ನು. ಅವನು ನಮ್ಮವನಾಗಿರಬೇಕಿಲ್ಲ, ಒಳ್ಳೆಯವನೂ ಆಗಿರಬೇಕಿಲ್ಲ.