‘ತಾರೀಖ್-ಇ-ಮುರಸ್ಸಾ’: ಸಂಗ್ರಹವೋ, ಸ್ವತಂತ್ರ ಕೃತಿಯೋ?

ಅಫ್ಜಲ್ ಖಾನನೆಂಬ ಹೆಸರು ಕನ್ನಡ ನಾಡಿನಲ್ಲಿ ಸಾಮಾನ್ಯವಾಗಿ ನೆನಪಿಗೆ ತರುವುದು 1659ರಲ್ಲಿ ಮಡಿದ ವಿಜಾಪುರದ ಸೇನಾನಿಯನ್ನು. ಇಲ್ಲಿ ವಿವೇಚಿಸುವ ಅಫ್ಜಲ್ ಖಾನ್ ಖಟಕ್ ಅವನಲ್ಲ. ಇವನು ಸಿಂಧೂ ನದಿಯ ಪಶ್ಚಿಮಕ್ಕೆ ಅಕೋರಾದಲ್ಲಿ ನೆಲೆಸಿದ್ದ ಖಟಕ್ ಕುಲದ ನಾಯಕ. ಪಶ್ತೊ ಕವಿ ಖುಶಹಾಲ್ ಖಾನನ (1613-1689) ಮೊಮ್ಮಗ. ಆದರೂ ವಿಜಾಪುರದೊಡನೆ ಇವನಿಗೆ ಸಂಬಂಧವಿಲ್ಲದೆ ಇಲ್ಲ. ಇವನ ತಂದೆ ಅಶ್ರಫ್ ಖಾನನು ‘ಹಿಜ್ರೀ’ ಎಂಬ ಅಂಕಿತದ ಕವಿ. ಸೋದರ ಬಹರಾಮನ ದ್ರೋಹದಿಂದ ಔರಂಗಜೇಬನ ಬಂದಿಯಾದ ಅವನು ಕೊನೆಗೆ ವಿಜಾಪುರದ ಸೆರೆಯಲ್ಲಿಯೇ ಮೃತನಾದನು. ವಿರಹವನ್ನು ಸೂಚಿಸುವ ಆ ಅಂಕಿತವು ಅವನ ಜೀವನದಲ್ಲಿ ಅನ್ವರ್ಥವಾಯಿತು.

ಅಫ್ಜಲನ ಮುಖ್ಯ ಕೃತಿ ‘ತಾರೀಖ್-ಇ-ಮುರಸ್ಸಾ’. ‘ಮುರಸ್ಸಾ’ ಎಂದರೆ ರತ್ನಖಚಿತ. ಹೆಸರಿಗೆ ತಕ್ಕಂತೆ ಇದರಲ್ಲಿ ಅನ್ಯರ ಬರಹಗಳನ್ನು ಕೂಡಿಸಲಾಗಿದೆ. ಇದರಿಂದಲೇ ಇದನ್ನು ಕೇವಲ ಅನುವಾದವೆಂದು ಬದಿಗಿಡುವ ಒಂದು ಪಕ್ಷವೂ, ಆದ್ಯಂತ ಸಮಾನ ಪ್ರಮಾಣವೆಂದು ಸ್ವೀಕರಿಸುವ ಇನ್ನೊಂದು ಪಕ್ಷವೂ ಸಾಧ್ಯವಾಗುತ್ತವೆ. ಎರಡೂ ಗ್ರಂಥದ ರಚನೆಯನ್ನು ಪರಿಶೀಲಿಸದ ತೀರ್ಮಾನಗಳು.

ಗ್ರಂಥದಲ್ಲಿ ಮೂರು ಸ್ತರಗಳು ಸ್ಪಷ್ಟವಾಗಿವೆ. ಮೊದಲನೆಯದು ನಿಅಮತುಲ್ಲಾ ಪಾರಸಿಯಲ್ಲಿ ರಚಿಸಿದ ‘ಮಖ್ಜನ್-ಇ-ಅಫ್ಘಾನೀ’ಯ ಅನುವಾದ. ಖಾನ್ ಜಹಾನ್ ಲೋದಿಯ ಆಶ್ರಯದಲ್ಲಿ ಸುಮಾರು 1613ರಲ್ಲಿ ಬುರ್ಹಾನ್‌ಪುರದಲ್ಲಿ ಸಿದ್ಧವಾದ ಆ ಕೃತಿಯು ಅಫ್ಘಾನರ ವಂಶಾವಳಿಯನ್ನು ಪ್ರಾಚೀನ ಪ್ರವಾದಿಗಳವರೆಗೆ ಒಯ್ಯುತ್ತದೆ. ಎರಡನೆಯದು ಖುಶಹಾಲನ ‘ಬಯಾಜ್’, ಅಂದರೆ ಅವನ ಸ್ವಂತ ಟಿಪ್ಪಣಿಗಳಿಂದ ಎತ್ತಿಕೊಂಡ ಭಾಗ. ಮೂರನೆಯದು ಅಫ್ಜಲನು ತಾನೇ ಕಂಡು ಪಾಲ್ಗೊಂಡ ಘಟನೆಗಳ ವೃತ್ತಾಂತ.

ಈ ಮೂರಕ್ಕೂ ಒಂದೇ ಬೆಲೆಯಿಲ್ಲ. ವಂಶಾವಳಿಯು ಪರಂಪರೆಯ ನಂಬಿಕೆಗೆ ಸಾಕ್ಷಿಯೇ ಹೊರತು ವಂಶಕ್ಕೆ ಸಾಕ್ಷಿಯಲ್ಲ. ನಮ್ಮ ಪಟ್ಟಾವಳಿಗಳ ಆದಿಭಾಗಗಳನ್ನು ಪರಿಶೀಲಿಸಿದವರಿಗೆ ಈ ವಿವೇಕ ಹೊಸದಲ್ಲ. ‘ಬಯಾಜ್’ನ ಭಾಗವಾದರೋ ಅತ್ಯಮೂಲ್ಯ. ಮೂಲವು ಸ್ವತಂತ್ರವಾಗಿ ಉಪಲಬ್ಧವಿಲ್ಲದುದರಿಂದ ಮೊಮ್ಮಗನ ಸಂಗ್ರಹವೇ ಅದರ ಏಕೈಕ ಆಶ್ರಯ. ಅಜ್ಜನ ಮಾತನ್ನು ಉತ್ತಮಪುರುಷದಲ್ಲಿಯೇ ಉಳಿಸಿದ್ದು ಅಫ್ಜಲನ ಪ್ರಾಮಾಣಿಕತೆಗೆ ನಿದರ್ಶನ. ವೀರಸೇನರು ಆರಂಭಿಸಿದ ‘ಜಯಧವಲಾ’ವನ್ನು 837ರಲ್ಲಿ ಮುಗಿಸಿದ ಜಿನಸೇನರು ಗುರುವಿನ ಪಾಲನ್ನು ಮರೆಮಾಡಲಿಲ್ಲ. ವಿಷಯವೂ ಧರ್ಮವೂ ಬೇರೆಯಾದರೂ, ಪೂರ್ವಜರ ಋಣವನ್ನು ಒಪ್ಪಿಕೊಂಡು ಬರೆಯುವ ಶೀಲ ಎರಡೆಡೆಯೂ ಒಂದೇ.

ಮೂರನೆಯ ಸ್ತರವನ್ನು ಮಾತ್ರ ಎಚ್ಚರದಿಂದ ಓದಬೇಕು. ತಂದೆಯನ್ನು ಶತ್ರುವಿಗೆ ಒಪ್ಪಿಸಿದ ಚಿಕ್ಕಪ್ಪನೊಡನೆ ನಾಯಕತ್ವಕ್ಕಾಗಿ ಹೋರಾಡಿದವನು ಆ ಕಲಹದ ಕಥೆಯನ್ನು ತಾನೇ ಬರೆದಾಗ, ಅವನು ಸಾಕ್ಷಿಯೂ ಹೌದು, ವಾದಿಯೂ ಹೌದು. ಬಹರಾಮನ ಪಕ್ಷದ ಮಾತನ್ನು ಇಲ್ಲಿ ಅವನ ವಿರೋಧಿಯ ಬಾಯಿಂದಲೇ ಕೇಳಬೇಕಾಗಿದೆ. ಇದು ಗ್ರಂಥದ ನಿಜವಾದ ಕೊರತೆ. ಆದರೆ ಕೊರತೆಯು ತಿಳಿದ ಮೇಲೆ ಗ್ರಂಥವು ನಿರುಪಯುಕ್ತವಾಗುವುದಿಲ್ಲ. ಯಾವ ನಯದಿಂದ ಹೇಳಿದ ಮಾತೆಂಬುದನ್ನು ಅರಿತು ಬಳಸಿದರೆ ಸಾಕು.

ಅಫ್ಜಲನ ಅನುವಾದಾಸಕ್ತಿಯಲ್ಲಿ ಜೈನ ವಿದ್ವಾಂಸರ ಗಮನಕ್ಕೆ ಅರ್ಹವಾದುದು ಇನ್ನೊಂದುಂಟು. ಅಬುಲ್ ಫಜಲನ ‘ಇಯಾರ್-ಇ-ದಾನಿಶ್’ (1588) ಎಂಬ ಪಾರಸಿ ಕೃತಿಯನ್ನು ಅವನು ಪಶ್ತೊ ಭಾಷೆಗೆ ತಂದನು. ಅದರ ಮೂಲವಾದರೋ ಪಹ್ಲವೀ, ಅರಬೀ, ಪಾರಸಿಗಳ ಮಾರ್ಗವಾಗಿ ಸಂಚರಿಸಿದ ಪಂಚತಂತ್ರವೇ. ಅದೇ ಕಥಾರಾಶಿಯು ವಸುಭಾಗಭಟ್ಟನ ಪರಂಪರೆಯಿಂದ ದುರ್ಗಸಿಂಹನ ಕನ್ನಡಕ್ಕೆ 11ನೆಯ ಶತಮಾನದಲ್ಲಿ ಬಂದಿತು. 1199ರಲ್ಲಿ ಜೈನ ಮುನಿ ಪೂರ್ಣಭದ್ರನಿಂದ ‘ಪಂಚಾಖ್ಯಾನ’ವಾಗಿ ಪರಿಷ್ಕಾರಗೊಂಡಿತು. ಸಿಂಹಕ್ಕೂ ವೃಷಭಕ್ಕೂ ನರಿಯು ಭೇದವನ್ನು ಹುಟ್ಟಿಸುವ ಕಥೆಯು, ಮನೆಯವರಿಂದಲೇ ಕುಲವು ಒಡೆದುದನ್ನು ಕಂಡ ನಾಯಕನಿಗೆ ಕೇವಲ ವಿನೋದವಾಗಿರಲಾರದು. ಪಂಚತಂತ್ರದ ಶಾಖೆಗಳನ್ನು ಗುರುತಿಸುವಾಗ ಈ ಪಶ್ತೊ ಶಾಖೆಯನ್ನು ಬಿಡುವುದು ಉಚಿತವಲ್ಲ.

ರಾವರ್ಟಿ 1860ರಲ್ಲಿಯೂ ಹ್ಯೂಸ್ 1872ರಲ್ಲಿಯೂ ತಮ್ಮ ಸಂಕಲನಗಳಲ್ಲಿ ‘ಮುರಸ್ಸಾ’ದ ಭಾಗಗಳನ್ನು ಮಾತ್ರ ಅಚ್ಚು ಮಾಡಿದರು, ಹ್ಯೂಸರ ಸಂಕಲನವನ್ನು ಪ್ಲೌಡೆನ್ 1875ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಆಯ್ದ ಭಾಗಗಳಿಂದ ಇಡೀ ಗ್ರಂಥದ ಗುಣವನ್ನು ನಿರ್ಣಯಿಸುವುದು, ಬಿಡಿ ಓಲೆಗಳಿಂದ ಕಟ್ಟಿನ ಪಾಠವನ್ನು ನಿರ್ಣಯಿಸಿದಂತೆ. ದೋಸ್ತ್ ಮುಹಮ್ಮದ್ ಖಾನ್ ಕಾಮಿಲರ ಸಂಪಾದನೆಯಲ್ಲಿ ಪೇಷಾವರದಿಂದ 1974ರಲ್ಲಿ ಗ್ರಂಥವು ಪ್ರಕಟವಾದ ಮೇಲೆಯೇ ಸಮಗ್ರ ವಿಮರ್ಶೆಗೆ ಅವಕಾಶವಾಯಿತು.

ಆದುದರಿಂದ ‘ಸಂಗ್ರಹವೋ, ಸ್ವತಂತ್ರವೋ’ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರವಿಲ್ಲ. ವಸ್ತುವಿನಲ್ಲಿ ಅದು ಸಂಗ್ರಹ. ರಾಜಕಾರ್ಯದ ಭಾಷೆಯಾಗಿದ್ದ ಪಾರಸಿಯನ್ನು ಬಿಟ್ಟು ತನ್ನ ಜನರ ನುಡಿಯ ಗದ್ಯದಲ್ಲಿ ಇತಿಹಾಸವನ್ನು ನಿಲ್ಲಿಸಿದ ಸಂಕಲ್ಪದಲ್ಲಿ ಸ್ವತಂತ್ರ. ಸೇರಿಸಿದವನನ್ನು ಕಡೆಗಣಿಸಿದರೆ ಸೇರಿಸಲ್ಪಟ್ಟುದೂ ಉಳಿಯುತ್ತಿರಲಿಲ್ಲವೆಂಬುದನ್ನು ಹಸ್ತಪ್ರತಿಗಳ ಅಭ್ಯಾಸಿಗಳು ಮರೆಯಲಾಗದು.